ಹೋದ ವರ್ಷದ ಗೆಲುವಿಗೆ ಈ ವರ್ಷದ ಬೈ

ಬ್ಯಾಸ್ಕೆಟ್‌ಬಾಲ್ ಟೂರ್ನಮೆಂಟಿನಲ್ಲಿ ಯಾರು ಗೆಲ್ತಾರೆ ಅನ್ನೋದು ಅಂಕಣದಲ್ಲಿ ತೀರ್ಮಾನ ಆಗುತ್ತೆ ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ. ಅದು ಅರ್ಧ ನಿಜ. ಉಳಿದರ್ಧ ಹಿಂದಿನ ದಿನ ಸಂಜೆಯೇ, ಯಾವುದೋ ಸ್ಟಾಫ್ ರೂಮಿನಲ್ಲಿ ಒಂದು ಡ್ರಾಯಿಂಗ್ ಶೀಟು, ಸ್ಕೇಲು, ಪೆನ್ಸಿಲ್ ಹಿಡಿದು ಕೂತವರ ಕೈಲಿ ತೀರ್ಮಾನ ಆಗಿರುತ್ತೆ. ಅವರು ಗೆರೆ ಎಳೀತಾರೆ, ಚೀಟಿ ಎತ್ತುತಾರೆ, ಹೆಸರು ಬರೀತಾರೆ. ಅದನ್ನ ನಾವು ಡ್ರಾ ಅಂತೀವಿ. ಅದರಲ್ಲಿ ಕೆಲವು ಹೆಸರುಗಳಿಗೆ ಮಾತ್ರ ಚೀಟಿ ಇರಲ್ಲ, ಅವುಗಳ ಜಾಗ ಮೊದಲೇ ಗೊತ್ತಾಗಿರುತ್ತೆ. ಅದೇ ಸೀಡಿಂಗ್.

ಈ ಸೀಡಿಂಗ್ ನ್ಯಾಯವಾ ಅನ್ಯಾಯವಾ ಅನ್ನೋ ವಾದ ಕಾಲೇಜು ಬಿಟ್ಟು ಎಷ್ಟು ವರ್ಷ ಆದ್ರೂ ನಮ್ಮ ಹಳೇ ತಂಡದವರು ಸೇರಿದಾಗಲೆಲ್ಲ ಬಂದೇ ಬರುತ್ತೆ. ನನಗೂ ಒಂದು ಅಭಿಪ್ರಾಯ ಇದೆ. ಒಂದೇ ಸಲ ಬರೆದುಹಾಕಿಬಿಡೋಣ ಅಂತ ಕೂತೆ.

ಮೊದಲು ಆ ಪದ. ಸೀಡ್ ಅಂದ್ರೆ ಬೀಜ. ಬೀಜಕ್ಕೂ ಬ್ಯಾಸ್ಕೆಟ್‌ಬಾಲಿಗೂ ಏನು ಸಂಬಂಧ ಅಂತ ಕಾಲೇಜಿನಲ್ಲಿದ್ದಾಗ ತಲೆ ಕೆರ್ಕೊಂಡಿದ್ದೆ. ನಾನು ಶಿಕಾರಿಪುರ ತಾಲ್ಲೂಕಿನವನು, ತಾಳಗುಂದದ ಹತ್ತಿರದ ಹಳ್ಳಿ. ನಮ್ಮಲ್ಲಿ, ಸೊರಬದ ಕಡೆಯಲ್ಲಿ ಭತ್ತವನ್ನ ಕೂರಿಗೆಯಲ್ಲಿ ಬಿತ್ತೋದುಂಟು. ಕೈಯಲ್ಲಿ ಎರಚಿದ್ರೆ ಬೀಜ ಒಂದು ಕಡೆ ಗುಂಪಾಗಿ ಬೀಳುತ್ತೆ, ಇನ್ನೊಂದು ಕಡೆ ನೆಲ ಖಾಲಿ ಉಳಿಯುತ್ತೆ. ಕೂರಿಗೆಯ ಕೆಲಸ ಸಾಲು ಹಿಡಿದು ಅಂತರ ಕಾಯೋದು. ಸೀಡಿಂಗ್ ಕೂಡ ಅಷ್ಟೇ. ಗಟ್ಟಿ ತಂಡಗಳನ್ನ ಹಾಳೆಯ ಮೇಲೆ ದೂರ ದೂರ ಇಡೋದು, ಮೊದಲ ದಿನವೇ ಒಂದನ್ನೊಂದು ತಿಂದುಹಾಕದ ಹಾಗೆ.

ಇದು ಬೇಕಾ ಅಂದ್ರೆ, ಖಂಡಿತ ಬೇಕು. ಇದನ್ನ ಲೆಕ್ಕ ಹಾಕಿ ತೋರಿಸಿದವನು ಯಾರು ಗೊತ್ತಾ? 'ಆಲಿಸ್ ಇನ್ ವಂಡರ್‌ಲ್ಯಾಂಡ್' ಬರೆದ ಲೂಯಿಸ್ ಕ್ಯಾರಲ್! ಆತ ಆಕ್ಸ್‌ಫರ್ಡಿನಲ್ಲಿ ಗಣಿತದ ಮೇಷ್ಟ್ರು. 1883ರಲ್ಲಿ ಟೆನಿಸ್ ಟೂರ್ನಮೆಂಟುಗಳಲ್ಲಿ ಬಹುಮಾನ ಹಂಚೋ ರೀತಿಯೇ ತಪ್ಪು ಅಂತ ಒಂದು ಪುಟ್ಟ ಪುಸ್ತಿಕೆ ಬರೆದ. ಅವನ ವಾದ ಸರಳ. ನಾಕೌಟ್‌ನಲ್ಲಿ ಎಲ್ಲರಿಗಿಂತ ಒಳ್ಳೆ ಆಟಗಾರ ಗೆಲ್ತಾನೆ ಸರಿ, ಆದರೆ ಎರಡನೇ ಬಹುಮಾನ ನಿಜವಾಗಿ ಎರಡನೆಯವನಿಗೇ ಸಿಗುತ್ತೆ ಅಂತ ಏನು ಗ್ಯಾರಂಟಿ? 32 ಜನರ ಹೆಸರನ್ನ ಚೀಟಿ ಎತ್ತಿ ಹಾಕಿದ್ರೆ, ಎರಡನೆಯವನು ಮೊದಲನೆಯವನ ಅರ್ಧಕ್ಕೆ ಬೀಳದೆ ಎದುರಿನ ಅರ್ಧಕ್ಕೆ ಬೀಳುವ ಸಾಧ್ಯತೆ 31ರಲ್ಲಿ 16. ಹೆಚ್ಚೂಕಮ್ಮಿ ನಾಣ್ಯ ಚಿಮ್ಮಿದ ಹಾಗೆ. ಉಳಿದ 15 ಸಲ ಅವನು ಫೈನಲ್ ನೋಡೋ ಮೊದಲೇ ಮನೆಗೆ. ವಿಂಬಲ್ಡನ್‌ನವರು ಇದನ್ನ ಒಪ್ಪಿಕೊಂಡು ಆಟಗಾರರ ಯೋಗ್ಯತೆ ನೋಡಿ ಸೀಡಿಂಗ್ ಶುರು ಮಾಡೋ ಹೊತ್ತಿಗೆ 1927 ಆಗಿತ್ತು.

ಹಾಗಾಗಿ ಸೀಡಿಂಗೇ ಬೇಡ, ಎಲ್ಲರಿಗೂ ಚೀಟಿ ಎತ್ತಿ ಅನ್ನೋ ಮಾತು ನನಗೆ ಒಪ್ಪಿಗೆ ಇಲ್ಲ. ಚೀಟಿ ನಿಷ್ಪಕ್ಷಪಾತಿ ಹೌದು, ಆದರೆ ಅದಕ್ಕೆ ಕಣ್ಣಿಲ್ಲ.

ಈಗ ನಮ್ಮ ಕಡೆ ಇದು ನಡೆಯೋ ರೀತಿಗೆ ಬರ್ತೀನಿ. ನಮ್ಮದು ತಾಲ್ಲೂಕು ಮಟ್ಟದ ಒಂದು ಸಣ್ಣ ಡಿಗ್ರಿ ಕಾಲೇಜು. ಹೆಸರು ಬೇಡ. ಸಿಮೆಂಟ್ ಕಿತ್ತುಹೋದ ಒಂದು ಅಂಕಣ, ನೆಟ್ ಇಲ್ಲದ ಎರಡು ರಿಂಗು, ಪಿ.ಡಿ. ಸರ್ ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದ ಮೂರು ಬಾಲು. ವರ್ಷಕ್ಕೊಮ್ಮೆ ಅಂತರ ಕಾಲೇಜು ಟೂರ್ನಮೆಂಟು, ಎರಡು ದಿನ, ಹನ್ನೆರಡು ತಂಡ. ಹನ್ನೆರಡು ಅಂದ್ರೆ ನಾಕೌಟ್‌ಗೆ ಒಗ್ಗದ ಸಂಖ್ಯೆ. ಹದಿನಾರರ ಹಾಳೆ ತಗೋಬೇಕು, ನಾಲ್ಕು ಜಾಗ ಖಾಲಿ ಬಿಡಬೇಕು. ಆ ಖಾಲಿ ಜಾಗದ ಎದುರು ಬಂದ ತಂಡಕ್ಕೆ ಬೈ, ಅಂದ್ರೆ ಮೊದಲ ಸುತ್ತು ಆಡದೇನೇ ಪಾಸು. ಆ ನಾಲ್ಕು ಬೈ ಯಾರಿಗೆ? ಹೋದ ವರ್ಷ ಸೆಮಿಫೈನಲ್ಲಿಗೆ ಬಂದಿದ್ದ ನಾಲ್ಕು ಕಾಲೇಜಿಗೆ. ಉಳಿದ ಎಂಟು ತಂಡಕ್ಕೆ ಚೀಟಿ.

ಕೇಳೋಕೆ ಸರಿಯಾಗೇ ಇದೆ ಅಲ್ವಾ? ನಮಗೂ ಮೊದಲ ವರ್ಷ ಹಾಗೇ ಅನ್ನಿಸಿತ್ತು.

ಮೊದಲ ವರ್ಷ ನಮ್ಮಂಥದೇ ಇನ್ನೊಂದು ಕಾಲೇಜಿನ ಎದುರು ಆಡಿ ಸೋತ್ವಿ. ಅವರು ಚೆನ್ನಾಗಿ ಆಡಿದ್ರು, ನಮ್ಮದೇನೂ ತಕರಾರಿಲ್ಲ. ಎರಡನೇ ವರ್ಷ ಬೆಳಿಗ್ಗೆ ಹತ್ತಕ್ಕೆ ಮೊದಲ ಮ್ಯಾಚು, ಓವರ್‌ಟೈಮ್ ತನಕ ಎಳೆದು ಗೆದ್ವಿ. ಹುಡುಗರು ಕುಣಿದಾಡಿಬಿಟ್ರು. ಮಧ್ಯಾಹ್ನ ಎರಡೂವರೆಗೆ ಕ್ವಾರ್ಟರ್ ಫೈನಲ್, ಎದುರಿಗೆ ಹಿಂದಿನ ವರ್ಷದ ಚಾಂಪಿಯನ್ನು. ಅವರು ಬೆಳಿಗ್ಗೆ ಇಡೀ ನೆರಳಲ್ಲಿ ಕೂತು ನಮ್ಮ ಮ್ಯಾಚು ನೋಡಿದ್ರು. ಯಾರು ಎಡಗೈಯಲ್ಲಿ ಡ್ರಿಬಲ್ ಮಾಡಲ್ಲ, ಯಾರು ಸುಸ್ತಾದಾಗ ಫೌಲ್ ಮಾಡ್ತಾರೆ ಎಲ್ಲ ನೋಡ್ಕೊಂಡಿದ್ರು. ನಾವು ಏಳು ಜನ ಹೋಗಿದ್ವಿ, ಅದರಲ್ಲಿ ಒಬ್ಬನ ಕಾಲು ಉಳುಕಿತ್ತು. ಎರಡು ಕ್ವಾರ್ಟರ್ ತನಕ ಸಮ ಸಮ ಇತ್ತು. ಮೂರನೆಯದರಲ್ಲಿ ನಮ್ಮ ಕಾಲು ಏಳಲಿಲ್ಲ. ಬೈ ಅಂದ್ರೆ ಬರೀ ಒಂದು ಸುತ್ತು ದಾಟೋದಲ್ಲ, ಒಂದು ಬೆಳಿಗ್ಗೆಯ ವಿಶ್ರಾಂತಿ ಅನ್ನೋದು ಆವತ್ತು ಅರ್ಥ ಆಯ್ತು.

ನಿಜವಾದ ತಮಾಷೆ ಮೂರನೇ ವರ್ಷ ನಡೀತು. ಅದೇ ಚಾಂಪಿಯನ್ ಕಾಲೇಜು ಮತ್ತೆ ಒಂದನೇ ಸೀಡ್. ಆದರೆ ಅವರ ಐದು ಜನ ಮುಖ್ಯ ಆಟಗಾರರ ಡಿಗ್ರಿ ಮುಗಿದು ಹೋಗಿತ್ತು. ಬಂದವರು ಹೊಸಬರು, ಜರ್ಸಿ ಮಾತ್ರ ಹಳೇದು. ಇನ್ನೊಂದು ಕಾಲೇಜು ಹಿಂದಿನ ವರ್ಷ ತಂಡವನ್ನೇ ಕಳಿಸಿರಲಿಲ್ಲ. ಆ ವರ್ಷ ಅಲ್ಲಿಗೆ ಮೂರು ಜನ ಒಳ್ಳೊಳ್ಳೆ ಹುಡುಗರು ಸೇರಿದ್ರು. ಹೋದ ವರ್ಷದ ಲೆಕ್ಕದಲ್ಲಿ ಅವರಿಗೆ ಏನೂ ಇಲ್ಲ, ಹಾಗಾಗಿ ಚೀಟಿ. ಆ ಚೀಟಿ ಬಂದಿದ್ದು ನಮ್ಮ ಎದುರಿಗೆ! ಆರು ಪಾಯಿಂಟಿನಲ್ಲಿ ಸೋತ್ವಿ. ಅವರು ಮಧ್ಯಾಹ್ನ ಒಂದನೇ ಸೀಡನ್ನ ಹದಿನೆಂಟು ಪಾಯಿಂಟಿನಲ್ಲಿ ಸೋಲಿಸಿದ್ರು, ಮಾರನೇ ದಿನ ಕಪ್ಪೂ ಎತ್ತಿದ್ರು. ಆ ಎರಡು ದಿನದಲ್ಲಿ ಅವರಿಗೆ ಆರು ಪಾಯಿಂಟಿನಷ್ಟು ಹತ್ತಿರ ಬಂದವರು ನಾವೊಬ್ಬರೇ. ಹಾಗಾದ್ರೆ ಆ ವರ್ಷ ಎರಡನೆಯವರು ನಾವಾ? ಗೊತ್ತಿಲ್ಲ. ಕ್ಯಾರಲ್ ಹೇಳಿದ ಆ 15 ಸಲದಲ್ಲಿ ನಮ್ಮದೂ ಒಂದಾ? ಅದೂ ಗೊತ್ತಿಲ್ಲ. ಗೊತ್ತಾಗೋಕೆ ಇನ್ನೊಂದು ಮ್ಯಾಚು ಆಡಬೇಕಿತ್ತು.

ಒಟ್ಟು ಮೂರು ವರ್ಷ, ನಾಲ್ಕು ಮ್ಯಾಚು. ತಲಾ 40 ನಿಮಿಷದಂತೆ 160 ನಿಮಿಷ. ಓವರ್‌ಟೈಮಿನ 5 ನಿಮಿಷ ಸೇರಿಸಿದ್ರೂ ಒಂದು ಕನ್ನಡ ಸಿನಿಮಾದಷ್ಟು. ಅಷ್ಟರಲ್ಲಿ ನಮ್ಮ ಕಾಲೇಜು ಬ್ಯಾಸ್ಕೆಟ್‌ಬಾಲ್ ಮುಗೀತು.

ಇದರಲ್ಲಿ ಹೊಟ್ಟೆ ಉರಿಸೋ ಸಂಗತಿ ಕಪ್ಪಲ್ಲ. ವಿಶ್ವವಿದ್ಯಾಲಯದ ತಂಡದ ಆಯ್ಕೆ ನಡೀತಿದ್ದಿದ್ದು ಇದೇ ಟೂರ್ನಮೆಂಟಿನಲ್ಲಿ. ಆ ತಂಡವೇ ಮುಂದೆ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ಹೋಗೋದು. ಆಯ್ಕೆ ಮಾಡೋರು ಬರ್ತಿದ್ದಿದ್ದು ಎರಡನೇ ದಿನ, ಸೆಮಿಫೈನಲ್ ಹೊತ್ತಿಗೆ. ನಮ್ಮ ತಂಡದಲ್ಲಿ ಒಬ್ಬ ಇದ್ದ. ಅವನಂಥ ಪಾಸ್ ಕೊಡೋನನ್ನ ನಾನು ಆಮೇಲೆ ಬೆಂಗಳೂರಿನಲ್ಲೂ ಜಾಸ್ತಿ ನೋಡಿಲ್ಲ. ತಲೆ ಒಂದು ಕಡೆ ತಿರುಗಿಸಿ ಬಾಲು ಇನ್ನೊಂದು ಕಡೆ ಬಿಡೋನು, ಹಿಡಿಯೋನಿಗೇ ಆಶ್ಚರ್ಯ ಆಗಬೇಕು. ಆಯ್ಕೆದಾರರು ಅವನನ್ನ ಒಂದು ನಿಮಿಷವೂ ನೋಡಲಿಲ್ಲ. ಅವರು ಬರೋ ಹೊತ್ತಿಗೆ ಮೂರೂ ವರ್ಷ ನಾವು ವಾಪಸ್ ಬಸ್ಸಿನಲ್ಲಿದ್ವಿ. ನೋಡಿದ್ರೆ ಆರಿಸ್ತಿದ್ರು ಅಂತ ನಾನು ಹೇಳ್ತಿಲ್ಲ. ನೋಡಿ ಬೇಡ ಅಂದಿದ್ರೆ ಅದು ಬೇರೆ ಮಾತು. ನೋಡಲೇ ಇಲ್ಲವಲ್ಲ.

ನಮ್ಮ ಪಿ.ಡಿ. ಸರ್ ಹತ್ರ ಜಗಳ ತೆಗೆದಿದ್ವಿ. "ಸರ್, ಹೋದ ವರ್ಷ ಗೆದ್ದೋರೇ ಈ ವರ್ಷ ಇಲ್ವಲ್ಲ ಸರ್, ಬೈ ಯಾರಿಗೆ ಕೊಟ್ರಿ?" ಅಂತ. ಅವರು ನಕ್ಕು, "ಲೇ, ಬೈ ಕೊಡೋದು ಹುಡುಗರಿಗಲ್ಲ ಕಣ್ರೋ, ಕಾಲೇಜಿಗೆ" ಅಂದಿದ್ರು. ಅವರು ಸಮಾಧಾನಕ್ಕೆ ಹೇಳಿದ್ದು. ಆದರೆ ನನ್ನ ತಕರಾರು ಪೂರ್ತಿ ಆ ಒಂದು ಮಾತಿನಲ್ಲೇ ಇದೆ.

ಟೆನಿಸ್ಸಿನಲ್ಲಿ ರ‍್ಯಾಂಕಿಂಗ್ ಅನ್ನೋದು ಆ ಮನುಷ್ಯನದೇ. ಅವನೇ ಆಡಿದ್ದು, ಅವನೇ ಗಳಿಸಿದ್ದು, ವರ್ಷ ಕಳೆದ ಹಾಗೆ ಹಳೇ ಪಾಯಿಂಟು ಉದುರಿ ಹೋಗುತ್ತೆ. ಕಾಲೇಜು ತಂಡ ಹಾಗಲ್ಲ. ಮೂರು ವರ್ಷದ ಡಿಗ್ರಿಯಲ್ಲಿ ಪ್ರತಿ ವರ್ಷ ಒಂದು ಭಾಗ ಹುಡುಗರು ಹೋಗ್ತಾರೆ, ಹೆಚ್ಚಾಗಿ ಹೋಗೋದು ಅನುಭವಸ್ಥರೇ. ಹಾಗಿರುವಾಗ ಹೋದ ವರ್ಷದ ಫಲಿತಾಂಶ ನೋಡಿ ಈ ವರ್ಷದ ಸೀಡ್ ಕೊಡೋದು ಅಂದ್ರೆ ಅಣ್ಣ ಪಾಸಾದ ಮಾರ್ಕ್ಸ್ ಕಾರ್ಡ್ ತೋರಿಸಿ ತಮ್ಮನಿಗೆ ಸೀಟು ಕೊಟ್ಟ ಹಾಗೆ. ಅದು ಯೋಗ್ಯತೆ ಅಲ್ಲ, ಉತ್ತರಾಧಿಕಾರ.

ಅಮೆರಿಕದವರು ಈ ವಿಷಯದಲ್ಲಿ ಏನ್ಮಾಡ್ತಾರೆ ಅಂತ ಆಮೇಲೆ ಓದಿಕೊಂಡೆ. ಕಾಲೇಜು ಬ್ಯಾಸ್ಕೆಟ್‌ಬಾಲ್ ಅಂದ್ರೆ ಅವರಿಗೆ ನಮ್ಮ ಕ್ರಿಕೆಟ್ಟಿನಷ್ಟು ಹುಚ್ಚು. ಎನ್‌ಸಿಎಎ ಅನ್ನೋ ಸಂಸ್ಥೆ ಮಾರ್ಚ್‌ನಲ್ಲಿ ನಡೆಸೋ ಪುರುಷರ ಟೂರ್ನಮೆಂಟಿಗೆ 1979ರಲ್ಲಿ ಸೀಡಿಂಗ್ ಬಂತು. 1985ರಲ್ಲಿ ತಂಡಗಳು 64 ಆದವು, 2011ರಲ್ಲಿ 68ಕ್ಕೆ ಏರಿದವು. ನಾಲ್ಕು ವಿಭಾಗ, ಪ್ರತಿಯೊಂದರಲ್ಲೂ 1ರಿಂದ 16ರವರೆಗೆ ಸೀಡ್. 1ಕ್ಕೆ 16 ಎದುರು, 2ಕ್ಕೆ 15 ಎದುರು, ಹೀಗೆ. ಹೋದ ವರ್ಷ ಕಪ್ಪು ಗೆದ್ದಿದ್ರೂ ಈ ವರ್ಷ ಜಾಗ ಗ್ಯಾರಂಟಿ ಇಲ್ಲ. ಒಂದು ಸಮಿತಿ ಕೂತು ಈ ವರ್ಷದ ಆಟ ನೋಡಿ ಸೀಡ್ ಕೊಡುತ್ತೆ. ಯಾರನ್ನ ಸೋಲಿಸಿದ್ರಿ, ಎಲ್ಲಿ ಸೋಲಿಸಿದ್ರಿ, ನಿಮ್ಮ ಎದುರಾಳಿಗಳು ಎಷ್ಟು ಗಟ್ಟಿ ಅಂತೆಲ್ಲ ಲೆಕ್ಕ. ಇದಕ್ಕೆ 1981ರಿಂದ ಆರ್‌ಪಿಐ ಅಂತ ಒಂದು ಸೂತ್ರ ಇತ್ತು, 2018ರಲ್ಲಿ ಅದನ್ನ ಬಿಟ್ಟು ನೆಟ್ ಅನ್ನೋ ಹೊಸ ಸೂತ್ರ ತಂದ್ರು.

ಇಷ್ಟೆಲ್ಲ ಮಾಡಿದ್ರೂ ಜಗಳ ತಪ್ಪಿಲ್ಲ! 2014ರಲ್ಲಿ ವಿಚಿಟಾ ಸ್ಟೇಟ್ ಅನ್ನೋ ಕಾಲೇಜು ಆ ವರ್ಷ ಆಡಿದ 34 ಮ್ಯಾಚೂ ಗೆದ್ದು ಬಂದಿತ್ತು. ಒಂದನೇ ಸೀಡ್ ಕೊಟ್ರು. ಆದರೆ ಅದೇ ವಿಭಾಗದಲ್ಲಿ ಎಂಟನೇ ಸೀಡ್ ಆಗಿ ಕೆಂಟಕಿಯನ್ನ ಇಟ್ರು. ಎರಡನೇ ಮ್ಯಾಚಿನಲ್ಲೇ ಇಬ್ಬರೂ ಎದುರಾದ್ರು, ಕೆಂಟಕಿ 78-76ರಲ್ಲಿ ಗೆದ್ದು ಸೀದಾ ಫೈನಲ್ ತನಕ ಹೋಯ್ತು. ಅದು ಎಂಟನೇ ತಂಡವಾ ಹಾಗಾದ್ರೆ? ವಿಚಿಟಾದವರಿಗೆ ಒಂದನೇ ಸೀಡ್ ಸಿಕ್ಕಿದ್ದು ಬಹುಮಾನವೋ ಶಿಕ್ಷೆಯೋ? ಇನ್ನೊಂದು ವಿಚಿತ್ರ ಇದೆ. 8, 9ನೇ ಸೀಡ್ ಆದವರು ಮೊದಲ ಮ್ಯಾಚು ಗೆದ್ರೆ ಎದುರಿಗೆ ಒಂದನೇ ಸೀಡ್ ಇರುತ್ತೆ. 10, 11, 12ನೆಯವರಿಗೆ ಆ ಕಷ್ಟ ಇಲ್ಲ. ಹಾಗಾಗಿ ಕೊನೆಯ ಹದಿನಾರರೊಳಗೆ 8, 9ಕ್ಕಿಂತ ಅವರೇ ಹೆಚ್ಚು ಸಲ ಬಂದಿದ್ದಾರೆ. ಸ್ವಲ್ಪ ಕೆಟ್ಟದಾಗಿ ಆಡಿ ಹತ್ತನೆಯವರಾದ್ರೇ ಲಾಭ!

ಹಾಗಂತ ಅವರ ಸೀಡಿಂಗ್ ಸುಳ್ಳಲ್ಲ. 1985ರಿಂದ 2017ರ ತನಕ 1ನೇ ಸೀಡ್ ಮತ್ತು 16ನೇ ಸೀಡ್ ನಡುವೆ 132 ಮ್ಯಾಚು ನಡೆದವು. 132ರಲ್ಲೂ 1ನೇ ಸೀಡೇ ಗೆದ್ದಿತು. 2018ರಲ್ಲಿ ಯುಎಂಬಿಸಿ ಅನ್ನೋ ಹೆಸರೇ ಕೇಳಿರದ ಕಾಲೇಜು ವರ್ಜೀನಿಯಾವನ್ನ 74-54ರಲ್ಲಿ ಹೊಡೆದುಹಾಕಿತು. ಆಮೇಲೆ 2023ರಲ್ಲಿ ಫೇರ್ಲಿ ಡಿಕಿನ್ಸನ್ ಅನ್ನೋರು ಪರ್ಡ್ಯೂವನ್ನ 63-58ರಲ್ಲಿ ಸೋಲಿಸಿದ್ರು. ಹೆಣ್ಣುಮಕ್ಕಳು ಇದನ್ನ ಇಪ್ಪತ್ತು ವರ್ಷ ಮೊದಲೇ ಮಾಡಿ ತೋರಿಸಿದ್ರು ಅನ್ನೋದು ಬೇರೆ ಮಾತು. 1998ರಲ್ಲಿ ಹಾರ್ವರ್ಡ್ ತಂಡ ಸ್ಟ್ಯಾನ್‌ಫರ್ಡನ್ನ 71-67ರಲ್ಲಿ ಮನೆಗೆ ಕಳಿಸಿತ್ತು :-)

ಅವರ ಸೀಡಿಂಗ್ ಇಷ್ಟು ಸರಿಯಾಗಿ ಕೂರೋಕೆ ಕಾರಣ ಸೂತ್ರವಲ್ಲ, ಮ್ಯಾಚುಗಳು. ಟೂರ್ನಮೆಂಟಿಗೆ ಬರೋ ಮೊದಲು ಪ್ರತಿ ತಂಡವೂ ಮೂವತ್ತರ ಆಸುಪಾಸು ಮ್ಯಾಚು ಆಡಿರುತ್ತೆ. ತೂಗೋಕೆ ಏನಾದ್ರೂ ಇರುತ್ತೆ. ನಮ್ಮಲ್ಲಿ ಟೂರ್ನಮೆಂಟೇ ಮೊದಲ ಮ್ಯಾಚು, ಎಷ್ಟೋ ತಂಡಕ್ಕೆ ಅದೇ ಕೊನೆಯದೂ ಹೌದು. ತಕ್ಕಡಿಯಲ್ಲಿ ಏನೂ ಇಲ್ಲದಾಗ ಹಳೇ ಹೆಸರನ್ನೇ ಇಟ್ಟು ತೂಗ್ತೀವಿ.

ಇದು ನಮ್ಮೂರ ಪಕ್ಕದಲ್ಲೇ ಇನ್ನೊಂದು ರೀತಿಯಲ್ಲಿ ನಡೆದಿದೆ. ಕನ್ನಡದ ಅತಿ ಹಳೇ ಶಾಸನ ಯಾವುದು ಅಂತ ಕೇಳಿದ್ರೆ ಶಾಲೆಯಲ್ಲಿ ಕಣ್ಮುಚ್ಚಿ ಹಲ್ಮಿಡಿ, ಕ್ರಿ.ಶ. 450 ಅಂತಿದ್ವಿ. ಅದು ಖಾಯಂ ಒಂದನೇ ಸೀಡ್. 2013ರಲ್ಲಿ ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಹತ್ರ ಪುರಾತತ್ವ ಇಲಾಖೆಯವರು ಅಗೆದಾಗ ಸಿಂಹಕಟಾಂಜನ ಶಾಸನ ಸಿಕ್ತು. ಅದು ಕ್ರಿ.ಶ. 370ರದ್ದು ಅಂತ ಇಲಾಖೆಯವರು ಹೇಳಿದ್ರು. ಅಷ್ಟು ವರ್ಷ ಅದು ಅಲ್ಲೇ ಮಣ್ಣಲ್ಲಿತ್ತು. ಅಗೆಯದೇ ಇದ್ದಿದ್ರೆ ಇವತ್ತಿಗೂ ಲೆಕ್ಕಕ್ಕೇ ಇರ್ತಿರಲಿಲ್ಲ. ಆಡಿಸಿ ನೋಡದೆ ಸೀಡ್ ಕೊಡೋದು ಅಗೆಯದೆ ಇತಿಹಾಸ ಬರೆದ ಹಾಗೆ.

ಅದೇ ದೇವಸ್ಥಾನದ ಮುಂದಿನ ಕಂಬದ ಶಾಸನವನ್ನ ಎಲ್ಲರೂ ಕೇಳಿರ್ತೀರಿ. ಮಯೂರಶರ್ಮನ ಕಥೆ ನಮಗೆ ಗೊತ್ತಾಗಿದ್ದು ಅದರಿಂದಲೇ. (ಮಯೂರ ಅಂದ್ರೆ ನಮಗೆಲ್ಲ 1975ರ ಸಿನಿಮಾದ ರಾಜಕುಮಾರ್ ಮುಖವೇ ಕಣ್ಣಮುಂದೆ ಬರೋದು, ಏನು ಮಾಡೋಣ.) ಓದೋಕೆ ಅಂತ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕಾಸ್ಥಾನಕ್ಕೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಯ್ತು. ಅವಮಾನ ತಡೀಲಾರದೆ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಶ್ರೀಪರ್ವತದ ಕಾಡು ಸೇರಿ ಬೃಹದ್ಬಾಣರಿಂದ ಕಪ್ಪ ವಸೂಲಿ ಮಾಡಿದ. ಕೊನೆಗೆ ಪಲ್ಲವರೇ ರಾಜಿಯಾಗಿ ಅವನಿಗೆ ನಾಡು ಬಿಟ್ಟುಕೊಟ್ರು. ಸೀಡ್ ಇಲ್ಲದವನು ಗೆದ್ದ ಕಥೆ ಅಂತ ನಾವು ಹುಡುಗರು ಇದನ್ನ ಎದೆಯುಬ್ಬಿಸಿ ಹೇಳ್ಕೊಂಡು ಓಡಾಡ್ತಿದ್ವಿ.

ಆದರೆ ಆ ಶಾಸನ ಅಲ್ಲಿಗೆ ಮುಗಿಯಲ್ಲ. ಅದನ್ನ ಕುಬ್ಜ ಅನ್ನೋ ಕವಿ ಬರೆದದ್ದು ಶಾಂತಿವರ್ಮನ ಕಾಲದಲ್ಲಿ, ಮಯೂರನಿಂದ ಎಷ್ಟೋ ತಲೆಮಾರು ಆದಮೇಲೆ. ಅದರಲ್ಲಿ ವಂಶಾವಳಿ ಇದೆ. ಕಾಕುಸ್ಥವರ್ಮ ತನ್ನ ಹೆಣ್ಣುಮಕ್ಕಳನ್ನ ಗುಪ್ತರ ಮನೆಗೂ ಬೇರೆ ರಾಜರ ಮನೆಗೂ ಕೊಟ್ಟ ಅನ್ನೋ ಹೆಮ್ಮೆ ಇದೆ. ಅಷ್ಟು ಹೊತ್ತಿಗೆ ಕದಂಬರು ಸೀಡೆಡ್ ತಂಡ ಆಗಿದ್ರು. ಕಂಚಿಯಲ್ಲಿ ಅವಮಾನವಾದ ಹುಡುಗನ ಮೊಮ್ಮಕ್ಕಳ ಮಕ್ಕಳಿಗೆ ಹುಟ್ಟುತ್ತಲೇ ಸಿಂಹಾಸನದ ಬೈ. ನಮ್ಮ ಕಾಲೇಜೂ ಒಂದು ವರ್ಷ ಸೆಮಿಫೈನಲ್ಲಿಗೆ ಹೋಗಿದ್ದಿದ್ರೆ ಮುಂದಿನ ವರ್ಷ ನಮ್ಮ ಜೂನಿಯರ್‌ಗಳು ನೆರಳಲ್ಲಿ ಕೂತು ಕಡಲೆಕಾಯಿ ತಿಂತಾ ಬೇರೆಯವರ ಮ್ಯಾಚು ನೋಡ್ತಿದ್ರು. ಆಗ ನ್ಯಾಯದ ಪ್ರಶ್ನೆ ನಮಗ್ಯಾರಿಗೂ ಹೊಳೀತಿರಲಿಲ್ಲ. ಅದಕ್ಕೇ ಈ ನಿಯಮ ಬದಲಾಗೋದು ಕಷ್ಟ. ಬದಲಾಯಿಸೋ ಶಕ್ತಿ ಇರೋರಿಗೆ ಅದರಿಂದ ಲಾಭ ಇರುತ್ತೆ, ನಷ್ಟ ಆದೋರು ಮೂರೇ ವರ್ಷಕ್ಕೆ ಡಿಗ್ರಿ ಮುಗಿಸಿ ಹೋಗಿಬಿಡ್ತಾರೆ.

ಹಾಗಾದ್ರೆ ಏನ್ಮಾಡೋದು? ನನ್ನ ಪ್ರಕಾರ ಸೀಡಿಂಗ್ ಅನ್ನೋ ಒಂದೇ ಗಂಟಿನಲ್ಲಿ ಎರಡು ಸಾಮಾನು ಕಟ್ಟಿಟ್ಟಿದ್ದೀವಿ. ಒಂದು ಅಂತರ, ಗಟ್ಟಿ ತಂಡಗಳನ್ನ ದೂರ ಇಡೋದು. ಇನ್ನೊಂದು ಸವಲತ್ತು, ಅವರಿಗೆ ಕಮ್ಮಿ ಮ್ಯಾಚು, ಹೆಚ್ಚು ವಿಶ್ರಾಂತಿ ಕೊಡೋದು. ಮೊದಲನೆಯದು ಎಲ್ಲರಿಗೂ ಒಳ್ಳೇದು. ಎರಡನೆಯದನ್ನ ಆ ವರ್ಷ ಆ ಹುಡುಗರೇ ಗಳಿಸಿದ್ರೆ ಮಾತ್ರ ಕೊಡಬೇಕು. ಕೂರಿಗೆ ಅಂತರ ಕಾಯ್ಲಿ ಸಾಕು, ಹೋದ ವರ್ಷ ಚೆನ್ನಾಗಿ ಬೆಳೆದ ಸಾಲಿಗೆ ಈ ವರ್ಷ ಜಾಸ್ತಿ ನೀರು ಬಿಡೋ ಕೆಲಸ ಅದರದ್ದಲ್ಲ.

ಲೆಕ್ಕ ಹಾಕಿ ನೋಡಿ. ಹನ್ನೆರಡು ತಂಡ ನಾಕೌಟ್ ಆಡಿದ್ರೆ 11 ಮ್ಯಾಚು. ಅದರ ಬದಲು ಮೂರು ಮೂರು ತಂಡದ ನಾಲ್ಕು ಗುಂಪು ಮಾಡಿ. ಹೋದ ವರ್ಷದ ನಾಲ್ಕು ಸೆಮಿಫೈನಲ್ ತಂಡಗಳನ್ನ ಗುಂಪಿಗೆ ಒಂದರಂತೆ ಹಂಚಿ, ಉಳಿದೋರಿಗೆ ಚೀಟಿ ಎತ್ತಿ. ಗುಂಪಿಗೆ 3 ಮ್ಯಾಚಿನಂತೆ 12, ಆಮೇಲೆ ಎರಡು ಸೆಮಿಫೈನಲ್, ಒಂದು ಫೈನಲ್. ಒಟ್ಟು 15. ನಾಲ್ಕೇ ಮ್ಯಾಚು ಜಾಸ್ತಿ! ಪ್ರತಿ ತಂಡಕ್ಕೂ ಕಮ್ಮಿ ಅಂದ್ರೆ ಎರಡು ಮ್ಯಾಚು. ಯಾರಿಗೂ ಬೈ ಇಲ್ಲ. ಆಯ್ಕೆ ಮಾಡೋರು ಮೊದಲ ದಿನವೇ ಬಂದು ಕೂತ್ರೆ ಹನ್ನೆರಡೂ ಕಾಲೇಜಿನ ಹುಡುಗರನ್ನ ನೋಡಬಹುದು.

ಖರ್ಚು ಯಾರು ಕೊಡ್ತಾರೆ ಅಂತೀರಿ, ಗೊತ್ತು. ಒಂದು ಅಂಕಣ ಇದ್ರೆ ನಾಲ್ಕು ಮ್ಯಾಚು ಅಂದ್ರೆ ಹತ್ತಿರ ಹತ್ತಿರ ಇನ್ನೊಂದು ದಿನ. ರೆಫರಿಗಳಿಗೆ ದುಡ್ಡು, ಹುಡುಗರಿಗೆ ಊಟ, ಟಿ.ಎ., ಡಿ.ಎ. ಎಲ್ಲ ಏರುತ್ತೆ. ಬೇಕಾದ್ರೆ ಗುಂಪಿನ ಮ್ಯಾಚುಗಳಲ್ಲಿ ಕ್ವಾರ್ಟರ್ ಹತ್ತರ ಬದಲು ಎಂಟು ನಿಮಿಷ ಮಾಡಿ, ನಮ್ಮದೇನೂ ಅಭ್ಯಂತರ ಇಲ್ಲ. ಇದೂ ಪೂರ್ತಿ ನ್ಯಾಯ ಅಲ್ಲ ಅನ್ನೋದೂ ನಿಜ. ಸೀಡ್ ಇಲ್ಲದ ಗಟ್ಟಿ ತಂಡ ಒಂದನೇ ಸೀಡಿನ ಗುಂಪಿಗೇ ಬಿದ್ರೆ ಇಬ್ಬರಲ್ಲಿ ಒಬ್ಬರು ಹೋಗಲೇಬೇಕು. ಆದರೆ ಎರಡು ಮ್ಯಾಚು ಆಡಿ ಹೋಗ್ತಾರೆ.

ಬಾಗಿಲು ಒಂಚೂರು ತೆಗೆದಿಟ್ರೆ ಏನಾಗುತ್ತೆ ಅನ್ನೋದಕ್ಕೆ ರಣಜಿ ಟ್ರೋಫಿ ನೆನಪಿಸಿಕೊಳ್ಳಿ. 2010-11ರಲ್ಲಿ ರಾಜಸ್ಥಾನ ಇದ್ದಿದ್ದು ಪ್ಲೇಟ್ ಗುಂಪಿನಲ್ಲಿ, ಅಂದ್ರೆ ಕೆಳಗಿನ ದರ್ಜೆಯಲ್ಲಿ. ಆ ಗುಂಪಿನಿಂದ ಮೇಲೆ ಬರೋಕೆ ಒಂದು ಸಣ್ಣ ದಾರಿ ಇತ್ತು. ಅದರಲ್ಲೇ ನುಗ್ಗಿ ಬಂದು ಟ್ರೋಫಿ ಗೆದ್ರು, ಮುಂದಿನ ವರ್ಷವೂ ಅವರೇ ಗೆದ್ರು. ಆ ದಾರಿಯೂ ಇಲ್ದೇ ಇದ್ದಿದ್ರೆ ಅವರಿನ್ನೂ ಪ್ಲೇಟ್ ತಂಡ ಅಂತಲೇ ನಾವು ಮಾತಾಡ್ತಿದ್ವಿ, ಅದು ನ್ಯಾಯವಾದ ಶ್ರೇಣಿ ಅಂತಲೂ ನಂಬ್ತಿದ್ವಿ.

ನಮ್ಮ ಪಾಸ್ ಕೊಡೋ ಗೆಳೆಯ ಈಗ ಶಿರಾಳಕೊಪ್ಪದಲ್ಲಿ ಅಂಗಡಿ ಇಟ್ಕೊಂಡಿದ್ದಾನೆ, ಚೆನ್ನಾಗೇ ಇದ್ದಾನೆ. ಈ ವಿಷಯ ಎತ್ತಿದ್ರೆ "ಬಿಡೋ ಮಾರಾಯ, ಆಗಿದ್ದಾಯ್ತು" ಅಂತಾನೆ. ಅವನಿಗೆ ಆಗಿದ್ದು ಆಯ್ತು, ಸರಿ. ಆದರೆ ಈ ವರ್ಷವೂ ಯಾವುದೋ ತಾಲ್ಲೂಕಿನ ಏಳು ಹುಡುಗರು ಬೆಳಿಗ್ಗೆ ಒಂದು ಮ್ಯಾಚು ಆಡಿ ಮಧ್ಯಾಹ್ನದ ಬಸ್ಸು ಹತ್ತಿರ್ತಾರೆ.

ನಿಮ್ಮ ಕಾಲೇಜಿನಲ್ಲಿ ಡ್ರಾ ಹೇಗೆ ಹಾಕ್ತಿದ್ರು? ಖೋಖೋ, ಕಬಡ್ಡಿ, ವಾಲಿಬಾಲ್, ಯಾವ ಆಟ ಆದ್ರೂ ಸರಿ. ಬೈ ತಿಂದು ಕೂತೋರು ಇದ್ರೂ ಹೇಳಿ, ಬೈಯಲ್ಲ :-)